ಹಳೆಯ ಎಲ್‌ಪಿ ಚೆನ್ನಾಗಿ ಕೇಳುತ್ತದೋ, ಹೊಸ ರೀಇಶ್ಯೂ ಚೆನ್ನಾಗಿ ಕೇಳುತ್ತದೋ?

ನೀವು ಕೇಳಿದ್ದು ಇಷ್ಟು: ಕುಮಟಾದ ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಹಿಂದೂಸ್ತಾನಿ ಗಾಯನದ ಎಲ್‌ಪಿಗಳು, ಅಂದರೆ ದೊಡ್ಡ ವಿನೈಲ್ ರೆಕಾರ್ಡುಗಳಿವೆ. ಅವುಗಳಲ್ಲೇ ಕೆಲವು ಈಗ ‘180 ಗ್ರಾಂ, ರೀಮಾಸ್ಟರ್ಡ್’ (ಧ್ವನಿಯನ್ನು ಮತ್ತೆ ಹದ ಮಾಡಿದ್ದು) ಅಂತ ಹೊಸದಾಗಿ ಒತ್ತಿ ಬಂದಿವೆ, ಇವಕ್ಕೇ ರೀಇಶ್ಯೂ ಅನ್ನುವುದು. ಸಂಗ್ರಾಹಕರಲ್ಲಿ ಒಂದಷ್ಟು ಜನ ಹಳೆಯದೇ ಬಂಗಾರ ಅಂತಾರೆ, ಇನ್ನೊಂದಷ್ಟು ಜನ ಹೊಸದೇ ಶುದ್ಧ ಅಂತಾರೆ. ಯಾರನ್ನು ನಂಬೋದು? ಅಜ್ಜನ ಹಳೆ ಪ್ಲೇಯರಿನಲ್ಲಿ ಹೊಸ ರೆಕಾರ್ಡು ಹಾಕಬಹುದಾ?

ತಂಬೂರಿಯನ್ನು ನಂಬಿ. ಗಾಯನದ ರೆಕಾರ್ಡಾದರೆ ನನ್ನ ಉತ್ತರ ಅದೇ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಶಿರಸಿಯವನು. ನಾವು ಕೆಲವರು, ಯಲ್ಲಾಪುರ ಸಿದ್ದಾಪುರದವರು, ಕಾರವಾರದಿಂದ ಘಟ್ಟ ಹತ್ತಿ ಬರುವವರೂ ಸೇರಿ, ಯಾರದಾದರೂ ಮನೆಯಲ್ಲಿ ಕೂತು ಒಂದೇ ರೆಕಾರ್ಡಿನ ಬೇರೆ ಬೇರೆ ಮುದ್ರಣ ಹಾಕಿ ಕೇಳುತ್ತೇವೆ. ಅಲ್ಲಿ ಮೊದಲು ಗಟ್ಟಿ ಮಾಡಿಕೊಂಡ ನಿಯಮ ಅಂದರೆ ಎರಡೂ ರೆಕಾರ್ಡಿನ ವಾಲ್ಯೂಮ್ ಸಮ ಇರಬೇಕು. ಇದನ್ನು ಬಿಟ್ಟು ಮಾಡಿದ ಯಾವ ಹೋಲಿಕೆಗೂ ಬೆಲೆ ಇಲ್ಲ. ಅರ್ಧ ಡೆಸಿಬೆಲ್‌ನಷ್ಟು ಜಾಸ್ತಿ ಇದ್ದರೂ ಸಾಕು, ಕಿವಿಗೆ ಅದು ‘ಜೋರು’ ಅಂತ ಗೊತ್ತಾಗುವುದಿಲ್ಲ, ‘ಚೆನ್ನಾಗಿದೆ’, ‘ತುಂಬಿದೆ’ ಅಂತ ಅನ್ನಿಸುತ್ತದೆ. ಹೊಸ ಮುದ್ರಣಗಳನ್ನು ಎಷ್ಟೋ ಸಲ ಹಳೆಯದಕ್ಕಿಂತ ಜೋರಾಗಿ ಕೊರೆದಿರುತ್ತಾರೆ. ಹಾಗಾಗಿ ಸುಮ್ನೆ ಒಂದಾದ ಮೇಲೆ ಒಂದು ಹಾಕಿದರೆ ಹೊಸದೇ ಗೆಲ್ಲುತ್ತದೆ. ಎರಡನ್ನೂ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡು ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ಮಟ್ಟ ನೋಡಿ ಸಮ ಮಾಡಿ. ಆಮೇಲೆ ಬೇರೆಯವರ ಕೈಲಿ ಹಾಕಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸಲಿ.

ಹೇಳದೆ ಯಾಕೆ ಅಂದರೆ ಹೆಸರು ಕಿವಿಯನ್ನು ಆಳುತ್ತದೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಕಥೆ ನೋಡಿ. ದುಬಾರಿ ರೀಇಶ್ಯೂಗಳಿಗೆ ಹೆಸರಾದವರು. ಅವರ ರೆಕಾರ್ಡುಗಳು ಮೂಲ ಟೇಪಿನಿಂದ ನೇರ ಅನಲಾಗ್ ದಾರಿಯಲ್ಲೇ, ಅಂದರೆ ನಡುವೆ ಎಲ್ಲೂ ಡಿಜಿಟಲ್ ಆಗದೆ ಬಂದವು ಅಂತ ಕೊಂಡವರೆಲ್ಲ ನಂಬಿದ್ದರು. 2022ರಲ್ಲಿ ಹೊರಬಿದ್ದದ್ದೇನೆಂದರೆ, ಅವುಗಳಲ್ಲಿ ಬಹಳಷ್ಟಕ್ಕೆ ನಡುವೆ ಡಿಜಿಟಲ್ ಹಂತ ಇತ್ತು, ವರ್ಷಗಳಿಂದಲೂ ಇತ್ತು. ಕಂಪನಿ ಒಪ್ಪಿಕೊಂಡಿತು, ವಿಷಯ ಕೋರ್ಟಿಗೂ ಹೋಯಿತು. ಆದರೆ ಡಿಜಿಟಲ್ ಸೇರಿದರೆ ನನ್ನ ಕಿವಿಗೆ ತಕ್ಷಣ ಗೊತ್ತಾಗುತ್ತದೆ ಅನ್ನುತ್ತಿದ್ದವರೇ ಆ ರೆಕಾರ್ಡುಗಳನ್ನು ಅಷ್ಟು ವರ್ಷ ಮೇಲೆ ಕೂರಿಸಿದ್ದರು. ನಾನು ಇದರಿಂದ ತಿಳಿದದ್ದು, ಡಿಜಿಟಲ್ ಹಂತ ಇದೆ ಅಂದ ಮಾತ್ರಕ್ಕೆ ರೀಇಶ್ಯೂ ಕೆಟ್ಟದ್ದಲ್ಲ. ಅದನ್ನು ಯಾವ ಟೇಪಿನಿಂದ ಮಾಡಿದರು, ಮಾಡುವಾಗ ಏನನ್ನು ತೆಗೆದು ಹಾಕಿದರು ಅನ್ನುವುದೇ ಜಾಸ್ತಿ ಮುಖ್ಯ.

ಈಗ ತಂಬೂರಿಗೆ ಬರೋಣ. ಹಳೆಯ ಟೇಪುಗಳಲ್ಲಿ ‘ಸುಸ್ಸ್’ ಅನ್ನುವ ಹಿನ್ನೆಲೆ ಶಬ್ದ ಇದ್ದೇ ಇರುತ್ತದೆ. ರೀಮಾಸ್ಟರ್ ಮಾಡುವವರು ಅದನ್ನು ಕಡಿಮೆ ಮಾಡಲು ಸಾಫ್ಟ್‌ವೇರ್ ಬಳಸುತ್ತಾರೆ. ಒಂದೇ ಸಮನೆ ಬರುವ ಸಣ್ಣ ಶಬ್ದವನ್ನು ಆ ಸಾಫ್ಟ್‌ವೇರು ಕಸ ಅಂತ ಗುರುತಿಸಿ ಕಳೆಯುತ್ತದೆ. ತೊಂದರೆ ಏನೆಂದರೆ ತಂಬೂರಿಯೂ ಒಂದೇ ಸಮನೆ ಬರುತ್ತದೆ! ಅದರ ಜವಾರಿಯಿಂದ, ಅಂದರೆ ತಂತಿ ಕುದುರೆಯ ಮೇಲೆ ಸವರಿ ಬರುವ ಝೇಂಕಾರದಿಂದ ಏಳುವ ಸೂಕ್ಷ್ಮವಾದ ಮೇಲಿನ ಸ್ವರಗಳು ಸರಿಯಾಗಿ ಆ ಸುಸ್ಸ್ ಇರುವ ಜಾಗದಲ್ಲೇ ಇರುತ್ತವೆ. ಹೊಟ್ಟು ಕೇರುವಾಗ ನುಚ್ಚೂ ಹಾರಿಹೋದ ಹಾಗೆ ಅವೂ ಹೋಗಿಬಿಡುತ್ತವೆ. ಉಳಿಯುವುದು ಮಂಕಾದ ಒಂದು ಗುಂಯ್ ಮಾತ್ರ. ಗಾಯಕರು ಉಸಿರು ತೆಗೆದುಕೊಳ್ಳುವುದು ಕೇಳುವುದಿಲ್ಲ, ‘ಆ’ ಅಂತ ಎಳೆಯುವ ಆಕಾರದ ಕೊನೆ ನಿಧಾನ ಕರಗದೆ ಕತ್ತರಿಸಿದಂತೆ ನಿಲ್ಲುತ್ತದೆ. ಮೊದಲ ಸಲ ಕೇಳಿದಾಗ ‘ಆಹಾ, ಎಷ್ಟು ಕ್ಲೀನ್’ ಅನ್ನಿಸುತ್ತದೆ, ಅದು ನಿಜ. ಆದರೆ ಅರ್ಧ ಗಂಟೆ ಕೇಳಿದರೆ ಗಾಯಕರ ಸುತ್ತ ಜಾಗವೇ ಇಲ್ಲ ಅನ್ನಿಸಲು ಶುರುವಾಗುತ್ತದೆ. ಇಂಥ ರೀಇಶ್ಯೂಗಿಂತ ಸ್ವಲ್ಪ ಕರಕರ ಅನ್ನುವ ಹಳೆಯ ರೆಕಾರ್ಡೇ ನನಗೆ ಬೇಕು. ಸುಸ್ಸ್ ಹಾಗೆಯೇ ಬಿಟ್ಟು, ತಂಬೂರಿಯ ತಂತಿ ತಂತಿಯೂ ಬಿಡಿಯಾಗಿ ಕೇಳುವ ರೀಇಶ್ಯೂ ಸಿಕ್ಕಿದರೆ ಕಣ್ಣು ಮುಚ್ಚಿ ಕೊಳ್ಳಿ. ಅಂಥವೂ ಇವೆ.

ಹಾಗಾಗಿ ಹೋಲಿಸುವಾಗ ಮೊದಲ ಒಂದು ನಿಮಿಷ, ಗಾಯನ ಏರುವ ಮುಂಚೆ, ಬರೀ ತಂಬೂರಿ ಕೇಳಿ. ಆಮೇಲೆ ನೇರ ಕೊನೆಗೆ ಹೋಗಿ. ಯಾಕೆಂದರೆ ಎಲ್‌ಪಿ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ (33⅓) ಸುತ್ತು ತಿರುಗುತ್ತದೆ, ಆ ವೇಗ ಬದಲಾಗುವುದಿಲ್ಲ. ಆದರೆ ಅಂಚಿನ ಸುತ್ತು ದೊಡ್ಡದು, ಲೇಬಲ್ ಹತ್ತಿರದ ಸುತ್ತು ಸಣ್ಣದು. ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹಾದುಹೋದರೆ, ಒಳಗೆ ಬರುವಾಗ ಅದು ಸುಮಾರು 21ಕ್ಕೆ ಇಳಿಯುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಉದ್ದದ ಗೆರೆಯಲ್ಲಿ ತುರುಕಬೇಕು. ನಮ್ಮ ಖಯಾಲ್ ನಿಧಾನಕ್ಕೆ ಶುರುವಾಗಿ ದ್ರುತ್‌ಗೆ ಬಂದು, ತಾನ್ ತಬಲಾ ಹಾರ್ಮೋನಿಯಂ ಎಲ್ಲ ಒಟ್ಟಿಗೆ ಏರುವುದು ಸರಿಯಾಗಿ ಆ ಇಕ್ಕಟ್ಟಿನ ಜಾಗದಲ್ಲೇ. ಅಲ್ಲಿ ಸ್ವರ ಒಡೆಯದೆ ನಿಂತರೆ ಆ ಮುದ್ರಣ ಒಳ್ಳೆಯದು. ಮೊದಲ ಹತ್ತು ನಿಮಿಷ ಎಲ್ಲ ಮುದ್ರಣವೂ ಚೆನ್ನಾಗಿಯೇ ಕೇಳುತ್ತವೆ, ಅಲ್ವಾ. ಒಂದು ಬದಿಗೆ ಇಪ್ಪತ್ತೈದು ನಿಮಿಷದ ಮೇಲೆ ತುಂಬಿದ ರೆಕಾರ್ಡುಗಳಲ್ಲಿ ಗೆರೆಗಳನ್ನು ಒತ್ತೊತ್ತಾಗಿ ಕೂರಿಸಲು ಮಟ್ಟವನ್ನೇ ತಗ್ಗಿಸಿರುತ್ತಾರೆ, ಆಗ ಹಿನ್ನೆಲೆ ಶಬ್ದ ಮೇಲೆ ಬರುತ್ತದೆ. ಅದನ್ನೇ ಎರಡು ರೆಕಾರ್ಡಿಗೆ ಹಂಚಿ ಹೊಸದಾಗಿ ತಂದಿದ್ದರೆ ಆ ರೀಇಶ್ಯೂಗೆ ಅರ್ಥ ಇದೆ.

180 ಗ್ರಾಂ ಅನ್ನುವುದಕ್ಕೆ ಮಾತ್ರ ದುಡ್ಡು ಕೊಡಬೇಡಿ. ತೂಕ ಜಾಸ್ತಿಯಾದರೆ ಕೈಗೆ ಗಟ್ಟಿ ಅನ್ನಿಸುತ್ತದೆ, ಗೆರೆಯೊಳಗಿನ ಸಂಗೀತ ಬದಲಾಗುವುದಿಲ್ಲ.

ಹಳೆಯದೆಲ್ಲ ಬಂಗಾರ ಅನ್ನುವವರಿಗೂ ನನ್ನದೊಂದು ಮಾತಿದೆ. ನಮ್ಮ ಮನೆಗಳಲ್ಲಿರುವ ಹಳೆ ಎಲ್‌ಪಿಗಳಲ್ಲಿ ಬಹುಪಾಲು ಎಚ್‌ಎಂವಿ ಕಂಪನಿಯ ಕಲ್ಕತ್ತಾದ ದಮ್‌ದಮ್ ಕಾರ್ಖಾನೆಯಲ್ಲಿ ಒತ್ತಿದವು. ಅದೇ ನಂಬರಿನ ರೆಕಾರ್ಡನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಒತ್ತುತ್ತಿದ್ದರು. ಒತ್ತುವ ಲೋಹದ ಅಚ್ಚು ಸವೆಯುತ್ತದೆ, ಹೊಸ ಅಚ್ಚು ಮಾಡುತ್ತಾರೆ, ಕಚ್ಚಾ ಪ್ಲಾಸ್ಟಿಕ್ಕಿನ ಗುಣವೂ ಬದಲಾಗುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಜಗತ್ತಿನ ಎಲ್ಲೆಡೆ ರೆಕಾರ್ಡ್ ಕಾರ್ಖಾನೆಗಳಿಗೆ ಒಳ್ಳೆಯ ವಿನೈಲ್ ಸಿಗುವುದು ಕಷ್ಟವಾಗಿತ್ತು. ಆದ್ದರಿಂದ ಕವರು ಒಂದೇ ಆದರೂ ಎರಡು ಹಳೆ ರೆಕಾರ್ಡುಗಳು ಬೇರೆ ಬೇರೆ ಥರ ಕೇಳಬಹುದು. ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೆತ್ತಿದ ಅಕ್ಷರ, ಅಂಕಿಗಳನ್ನು ಟಾರ್ಚ್ ಹಿಡಿದು ಓದಿ, ಹೋಲಿಸಬೇಕಾದ್ದು ಅದನ್ನು. ನಂಬರಿನ ಮೊದಲ ಅಕ್ಷರಗಳೂ ಉಪಯೋಗಕ್ಕೆ ಬರುತ್ತವೆ. ಇಎಎಲ್‌ಪಿ, ಇಸಿಎಲ್‌ಪಿ ಅಂತಿದ್ದರೆ ಮೋನೋ (ಎರಡೂ ಸ್ಪೀಕರಿಗೆ ಒಂದೇ ಧ್ವನಿ), ಇಎಎಸ್‌ಡಿ, ಇಸಿಎಸ್‌ಡಿ ಅಂತಿದ್ದರೆ ಸ್ಟೀರಿಯೊ. ಮೋನೋ ರೆಕಾರ್ಡು ಹಾಕಿದಾಗ ಆಂಪ್ಲಿಫೈಯರಿನ ಮೋನೋ ಬಟನ್ ಒತ್ತಿ, ಅರ್ಧ ಕರಕರ ಅಲ್ಲೇ ಹೋಗುತ್ತದೆ. ಬಟನ್ ಒತ್ತದೆ ‘ಹಳೆಯದರಲ್ಲಿ ಶಬ್ದ ಜಾಸ್ತಿ’ ಅಂದರೆ ಆ ರೆಕಾರ್ಡಿಗೆ ಅನ್ಯಾಯ.

ವೇಗದ ವಿಷಯದಲ್ಲಂತೂ ಮೂಲ ಮುದ್ರಣವೇ ಸರಿ ಅನ್ನುವ ಹಾಗಿಲ್ಲ. ಮೈಲ್ಸ್ ಡೇವಿಸ್ ಅವರ 1959ರ ಜಾಝ್ ಎಲ್‌ಪಿ ‘ಕೈಂಡ್ ಆಫ್ ಬ್ಲೂ’ ಇದೆಯಲ್ಲ, ಅದರ ಮೊದಲ ಬದಿ ಟೇಪ್ ಯಂತ್ರದ ವೇಗದ ದೋಷದಿಂದ ಶ್ರುತಿ ಸ್ವಲ್ಪ ಏರಿಯೇ ಮುದ್ರಣವಾಗಿತ್ತು. ಸರಿಯಾದದ್ದು 1990ರ ದಶಕದಲ್ಲಿ, ರೀಇಶ್ಯೂನಲ್ಲಿ! ಮೂವತ್ತು ವರ್ಷ ಜಗತ್ತು ತಪ್ಪು ಶ್ರುತಿಯನ್ನೇ ಕೇಳಿತು. ನಮ್ಮ ಕಡೆಯವರಿಗೆ ಇದನ್ನು ಹಿಡಿಯುವುದು ಸುಲಭ. ಹಾರ್ಮೋನಿಯಂ ಮುಂದಿಟ್ಟುಕೊಂಡು ಷಡ್ಜ ಕಪ್ಪು ಒಂದೋ ಕಪ್ಪು ಎರಡೋ ನೋಡಿ, ಎರಡು ಮುದ್ರಣಗಳ ನಡುವೆ ವ್ಯತ್ಯಾಸ ಬಂದರೆ ಒಂದರ ವೇಗ ತಪ್ಪಿದೆ ಅಂತಲೇ. ಶೇಕಡಾ 6ರಷ್ಟು ವೇಗ ಏರಿದರೆ ಷಡ್ಜ ಹಾರ್ಮೋನಿಯಂನಲ್ಲಿ ಒಂದು ಮನೆ ಮೇಲೆ ಹೋಗುತ್ತದೆ. ಆದರೆ ಮೊದಲು ನಿಮ್ಮ ಟರ್ನ್‌ಟೇಬಲ್ ಸರಿ ಇದೆಯೋ ನೋಡಿ. ಹಳೆಯ ಕೆಲವು ಪ್ಲೇಯರುಗಳ ವೇಗ ವೋಲ್ಟೇಜ್ ಜೊತೆ ಏರಿಳಿಯುತ್ತದೆ, ಸುತ್ತಲಿನ ತೋಟಗಳಲ್ಲಿ ಪಂಪು ಶುರುವಾದ ಹೊತ್ತಿಗೆ ರಾಗವೇ ಕೆಳಗಿಳಿದಿರುತ್ತದೆ.

ಇಲ್ಲೊಂದು ಎಚ್ಚರಿಕೆ. ಗಾಯಕರ ಧ್ವನಿಯ ನೆನಪಿನಿಂದ ವೇಗ ತೀರ್ಮಾನಿಸಬೇಡಿ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಹಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ ಮೊದಲ ರೆಕಾರ್ಡುಗಳಲ್ಲಿ ಧ್ವನಿ ತೆಳು, ಎತ್ತರ. ಗಂಟಲಿನ ಚಿಕಿತ್ಸೆಯ ನಂತರ ನಾವೆಲ್ಲ ಬಲ್ಲ ಆ ಗಂಭೀರ ಧ್ವನಿ ಬಂತು. ಅದು ಗೊತ್ತಿಲ್ಲದವರು ಹಳೆಯದನ್ನು ಕೇಳಿ ‘ಇದು ಸ್ಪೀಡಾಗಿ ಓಡ್ತಾ ಇದೆ’ ಅಂತ ನಿಧಾನ ಮಾಡಿಬಿಡುತ್ತಾರೆ. ಅಂದಹಾಗೆ, 78ರ ಕಾಲದ ಈ ಮೂರು ನಿಮಿಷದ ಹಾಡುಗಳ ಮಟ್ಟಿಗೆ ನಾನು ಪೂರ್ತಿ ರೀಇಶ್ಯೂ ಪಕ್ಷ. ಆ ಅರಗಿನ ತಟ್ಟೆಗಳನ್ನು ಸರಿಯಾದ ಅಗಲದ ಸೂಜಿಯಿಂದ, ಸರಿಯಾದ ವೇಗದಲ್ಲಿ ತೆಗೆದು ಎಲ್‌ಪಿಗೆ ಹಾಕುವುದು ಬಲ್ಲವರ ಕೆಲಸ. ಮನೆಯಲ್ಲಿ ಸವೆದ ತಟ್ಟೆಯಿಂದ ಅಷ್ಟು ಹೊರಡುವುದಿಲ್ಲ.

ಇನ್ನು ಯಾವ ರೀಇಶ್ಯೂ ಕೊಳ್ಳಬಾರದು? ಎಲ್ಲಿಂದ ತೆಗೆದದ್ದು ಅಂತ ಕವರಿನ ಮೇಲೆ ಒಂದಕ್ಷರವೂ ಇಲ್ಲದ್ದು. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ. ಯುರೋಪಿನಲ್ಲಿ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸುವ ಮೊದಲೇ ಹಕ್ಕು ಮುಗಿದ, ಅಂದರೆ 1963ಕ್ಕಿಂತ ಹಿಂದಿನ ರೆಕಾರ್ಡುಗಳನ್ನು ಅಲ್ಲಿ ಯಾರು ಬೇಕಾದರೂ ಒತ್ತಬಹುದು. ಮೂಲ ಟೇಪು ಕೈಯಲ್ಲಿ ಇರಬೇಕೆಂದೇ ಇಲ್ಲ, ಒಂದು ಸಿಡಿ ಇದ್ದರೂ ಆಯಿತು. ಸಿಡಿಯಿಂದ ಮಾಡಿದ ಎಲ್‌ಪಿಗೆ ಮೂರು ಸಾವಿರ ಯಾಕೆ ಕೊಡಬೇಕು? ‘ರೀಮಾಸ್ಟರ್ಡ್’ ಅನ್ನುವ ಒಂದು ಪದದಿಂದ ಏನೂ ಗೊತ್ತಾಗುವುದಿಲ್ಲ. ಮೂಲ ಟೇಪಿನಿಂದ ಅಂತ ಸ್ಪಷ್ಟ ಬರೆದಿದ್ದು, ಮಾಸ್ಟರಿಂಗ್ ಮಾಡಿದವರ ಹೆಸರೂ ಇದ್ದರೆ ಭರವಸೆ ಇಡಬಹುದು.

ಕೊಳ್ಳುವ ಮುಂಚೆ ಅಜ್ಜನ ರೆಕಾರ್ಡುಗಳನ್ನು ತೊಳೆಯಿರಿ. ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ, ಅಟ್ಟದ ಮೇಲೆ ಕಾಗದದ ಕವರಿನಲ್ಲಿಟ್ಟ ತಟ್ಟೆಗೆ ಬೂಷ್ಟು ಬರದೇ ಇರುವುದಿಲ್ಲ. ಆ ಕರಕರವನ್ನು ಹಳೆ ಮುದ್ರಣದ ದೋಷ ಅಂದುಕೊಂಡು ಹೊಸದು ಕೊಂಡವರನ್ನು ಬಹಳ ನೋಡಿದ್ದೇನೆ. ಮೂರು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಮೆತ್ತನೆ ಬ್ರಶ್ಶಿನಿಂದ ಗೆರೆಯ ಜಾಡಿನಲ್ಲೇ ಸುತ್ತಿ ಉಜ್ಜಿ, ಬರೀ ಡಿಸ್ಟಿಲ್ಡ್ ವಾಟರಿನಿಂದ ಮತ್ತೊಮ್ಮೆ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಬಾವಿ ನೀರು ಬೇಡ, ಒಣಗಿದ ಮೇಲೆ ಅದರ ಲವಣ ಗೆರೆಯಲ್ಲೇ ಕೂರುತ್ತದೆ. 78ರ ತಟ್ಟೆಗೆ ಮಾತ್ರ ಆಲ್ಕೋಹಾಲ್ ಮುಟ್ಟಿಸಲೇಬೇಡಿ, ಅರಗು ಕರಗುತ್ತದೆ. ಹಳೆ ಕವರು ಬಿಸಾಡಬೇಡಿ, ಒಳಗಿನ ಕಾಗದದ ಚೀಲ ಮಾತ್ರ ಹೊಸದು ಹಾಕಿ. ಕುಮಟಾದಲ್ಲಿದ್ದೀರಿ, ಉಪ್ಪುಗಾಳಿಗೆ ಪಿನ್ನುಗಳು ಬೇಗ ಕಪ್ಪಾಗುತ್ತವೆ. ಒಂದು ಬದಿ ಸ್ಪೀಕರ್ ಸಣ್ಣ ಕೇಳಿದರೆ ರೆಕಾರ್ಡನ್ನು ಬೈಯುವ ಮುಂಚೆ ಟರ್ನ್‌ಟೇಬಲಿನ ಹಿಂದಿನ ವೈರುಗಳನ್ನೂ, ಸೂಜಿ ಕೂರುವ ಕಾರ್ಟ್ರಿಜ್ಜಿನ ಪಿನ್ನುಗಳನ್ನೂ ಬಿಚ್ಚಿ ಒರೆಸಿ ನೋಡಿ.

ತೊಳೆದ ಮೇಲೂ ಜೋರು ಜಾಗದಲ್ಲೆಲ್ಲ ಸ್ವರ ಒಡೆದು ಚರಚರ ಅಂದರೆ ಗೆರೆಯೇ ಸವೆದಿದೆ. ಆಗಲೂ ಒಂದು ಉಪಾಯ ಉಳಿದಿದೆ. ಗುಂಡು ತುದಿಯ ಸೂಜಿ ಗೆರೆಯ ಒಂದೇ ಎತ್ತರದಲ್ಲಿ ಸವೆಸಿರುತ್ತದೆ. ಮೈಕ್ರೋಲೈನ್‌ನಂಥ ಸಣ್ಣ ತುದಿಯ ಸೂಜಿ ಗೋಡೆಯ ಬೇರೆ ಜಾಗ ಮುಟ್ಟುವುದರಿಂದ ಎಷ್ಟೋ ಸಲ ಒಳ್ಳೆಯ ಧ್ವನಿ ಹೊರಡುತ್ತದೆ. ಎರಡು ಮೂರು ರೀಇಶ್ಯೂಗಳ ದುಡ್ಡನ್ನು ಅಂಥ ಸೂಜಿಗೆ ಹಾಕಿದರೆ ಮನೆಯ ಇಡೀ ಸಂಗ್ರಹಕ್ಕೆ ಉಪಯೋಗ ಆಗುತ್ತದೆ. ನಾನಾದರೆ ಅದನ್ನೇ ಮಾಡುತ್ತೇನೆ. ಆ ಸೂಜಿ ಹಾಕಿದರೂ ಚರಚರ ಅನ್ನುವ ರೆಕಾರ್ಡುಗಳಿಗೆ ಮಾತ್ರ ರೀಇಶ್ಯೂ ಹುಡುಕಿ.

ಅಜ್ಜನ ಪ್ಲೇಯರ್ ವಿಷಯ: ಆ ಕಾಲದ ಸೂಟ್‌ಕೇಸ್ ಮಾದರಿಯ ಪ್ಲೇಯರುಗಳಲ್ಲಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತದೆ, ಸೂಜಿ ಐದು ಗ್ರಾಂ, ಅದಕ್ಕಿಂತಲೂ ಜಾಸ್ತಿ ಭಾರ ಹಾಕಿ ಕೂರುತ್ತದೆ. ಈಗಿನ ಸಾಧಾರಣ ಕಾರ್ಟ್ರಿಜ್ಜಿಗೆ ಎರಡು ಗ್ರಾಂ ಸಾಕು. ಹೊಸ ರೆಕಾರ್ಡನ್ನು ಅದರ ಮೇಲೆ ಹಾಕಬೇಡಿ, ಅಜ್ಜನ ಒಳ್ಳೆಯ ರೆಕಾರ್ಡುಗಳನ್ನೂ ಇನ್ನು ಹಾಕಬೇಡಿ. ಎರಡು ಮುದ್ರಣ ಹೋಲಿಸಲೇಬೇಕು ಅಂದರೆ ಒಂದು ರಜಾದಿನ ಶಿರಸಿಗೆ ಹತ್ತಿ ಬನ್ನಿ, ನಮ್ಮಲ್ಲೇ ಹಾಕಿ ಕೇಳೋಣ. ಬರುವಾಗ ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿ ತನ್ನಿ, ಬಿಸಿಲು ಬೀಳುವ ಹಿಂದಿನ ಸೀಟಿನಲ್ಲಿ ಮಲಗಿಸಬೇಡಿ.