ಎಕ್ಸೆಲ್ ಲೋಗೋದಲ್ಲೇ ನಿಂತುಬಿಟ್ಟರೆ ಮೊದಲು ಏನು ನೋಡಬೇಕು?

ನಮಸ್ಕಾರ. ನೀವು ಬರೆದಿರುವುದು ಇಷ್ಟು. ಚಿಕ್ಕಬಳ್ಳಾಪುರದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೀರಿ. ಸೋಮವಾರದಿಂದ ಎಕ್ಸೆಲ್ ತೆರೆದರೆ ಹಸಿರು ಲೋಗೋ ಬಂದು ಅಲ್ಲೇ ನಿಲ್ಲುತ್ತದೆ. ಒಮ್ಮೊಮ್ಮೆ ನಾಲ್ಕೈದು ನಿಮಿಷ ಬಿಟ್ಟು ತೆರೆಯುತ್ತದೆ, ಒಮ್ಮೊಮ್ಮೆ ಅದೂ ಇಲ್ಲ. ಯಾರೋ ಬಂದು ಪೂರ್ತಿ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿಕೊಟ್ಟರೂ ಹಾಗೇ ಇದೆ. ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಇಲ್ಲ. ಸಂಬಳದ ಶೀಟ್ ಈ ವಾರವೇ ಆಗಬೇಕು.

ನಾನು ಕೋಲಾರದಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ಸರ್ವಿಸ್ ಮಾಡುತ್ತಿದ್ದೇನೆ. ಅಂಗಡಿ, ಮಂಡಿ, ಸಣ್ಣ ಆಫೀಸುಗಳೇ ನನ್ನ ಗಿರಾಕಿಗಳು. ನಿಮ್ಮ ತೊಂದರೆ ನನಗೆ ಹೊಸದಲ್ಲ. ಶುರುವಾಗುವಾಗಲೇ ನಿಂತುಹೋಗುವ ಸಾಫ್ಟ್‌ವೇರ್ ಬಹಳ ಸಲ ಯಾವುದಕ್ಕೋ ಕಾಯುತ್ತಿರುತ್ತದೆ. ಯಾವುದಕ್ಕೆ ಅಂತ ಗೊತ್ತಾದರೆ ರಿಪೇರಿ ಎರಡು ನಿಮಿಷದ ಕೆಲಸ. ನಿಮ್ಮದು ನಾಲ್ಕೈದು ನಿಮಿಷ ಬಿಟ್ಟು ತಾನೇ ತೆರೆಯುತ್ತದೆ ಅಂದಿರಲ್ಲ, ಅದನ್ನು ಓದಿದ ಕೂಡಲೇ ನನಗೆ ಹಾಗನ್ನಿಸಿತು. ಕಾದು ಕಾದು ಸಾಕಾಗಿ ಮುಂದಕ್ಕೆ ಹೋಗುತ್ತಿದೆ.

ಮತ್ತೆ ಇನ್‌ಸ್ಟಾಲ್ ಮಾಡಿದರೂ ಸರಿಹೋಗಲಿಲ್ಲ ಅನ್ನುವುದಕ್ಕೂ ಕಾರಣ ಇದೆ. ಎಕ್ಸೆಲ್ ತೆಗೆದು ಮತ್ತೆ ಹಾಕಿದರೆ ಅದರ ಫೈಲುಗಳು ಮಾತ್ರ ಹೊಸದಾಗುತ್ತವೆ. ನಿಮ್ಮ ಹೆಸರಿನಲ್ಲಿರುವ ಸೆಟ್ಟಿಂಗ್‌ಗಳು, ಶುರುವಿನಲ್ಲೇ ತೆರೆಯುವ ಫೈಲುಗಳು, ಪ್ರಿಂಟರ್, ನೆಟ್‌ವರ್ಕ್ ಡ್ರೈವ್ (ಬೇರೆ ಕಂಪ್ಯೂಟರಿನಲ್ಲಿದ್ದು ನಿಮ್ಮಲ್ಲಿ ಕಾಣುವ ಫೋಲ್ಡರ್) ಎಲ್ಲ ಹಳೆಯವೇ ಉಳಿಯುತ್ತವೆ. ತೊಂದರೆ ಅಲ್ಲಿದ್ದರೆ ಹತ್ತು ಸಲ ಇನ್‌ಸ್ಟಾಲ್ ಮಾಡಿದರೂ ಅಷ್ಟೇ. ಅದಕ್ಕೇ ನಾನು ಇನ್‌ಸ್ಟಾಲ್ ಕೆಲಸವನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತೇನೆ.

ಎರಡು ವರ್ಷದ ಹಿಂದೆ, ಟೊಮೆಟೊ ಸೀಸನ್ನಿನಲ್ಲಿ, ನಮ್ಮ ಎಪಿಎಂಸಿ ಯಾರ್ಡಿನ ಒಂದು ಮಂಡಿಯಿಂದ ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಬಂತು. ಹೋಗಿ ನೋಡಿದರೆ ಹೊರಗೆ ಹರಾಜು ಜೋರಾಗಿ ನಡೆದಿದೆ, ಒಳಗೆ ಗುಮಾಸ್ತರು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ನಿನಲ್ಲಿ ಲೆಕ್ಕ ಬರೆಯುತ್ತಿದ್ದಾರೆ. ರೈತರ ಹೆಸರು, 15 ಕೆಜಿ ಬಾಕ್ಸು ಎಷ್ಟು, ರೇಟು, ಹಮಾಲಿ, ಗಾಡಿ ಬಾಡಿಗೆ, ಎಲ್ಲ ಅವರು ಎಕ್ಸೆಲ್‌ನಲ್ಲೇ ಹಾಕುತ್ತಿದ್ದದ್ದು. ಎಕ್ಸೆಲ್ ಲೋಗೋದಲ್ಲೇ ನಿಂತಿತ್ತು. ಚೀಟಿಗಾಗಿ ಏಳೆಂಟು ಜನ ರೈತರು ಬಾಗಿಲಲ್ಲಿ ನಿಂತಿದ್ದರು. ರಾತ್ರಿಯೇ ಊರು ಬಿಟ್ಟು ಬಂದವರು, ದುಡ್ಡು ತೆಗೆದುಕೊಂಡು ವಾಪಸ್ ಹೋಗಬೇಕಿತ್ತು.

ಮಾಲೀಕರು, 'ಏನಣ್ಣಾ, ಹೊಸ ಕಂಪ್ಯೂಟರೇ ತಗೋಬೇಕಾ?' ಅಂದರು.

'ಐದು ನಿಮಿಷ ಕೊಡಿ ಅಣ್ಣ' ಅಂದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದೆ. ಯಾವ ಪ್ರೋಗ್ರಾಂ ಏನು ಮಾಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ಬಂತು. ಎಕ್ಸೆಲ್ ಮುಂದೆ ಸಿಪಿಯು ಸೊನ್ನೆ, ಡಿಸ್ಕ್ ಕೂಡ ಸೊನ್ನೆ. ಅಂದರೆ ಅದು ಕೆಲಸವನ್ನೇ ಮಾಡುತ್ತಿಲ್ಲ, ಸುಮ್ನೆ ಕಾಯುತ್ತಿದೆ. ಎಕ್ಸೆಲ್ ಮುಚ್ಚಿಸಿ, ಹಿಂದೆ ಕೈಹಾಕಿ ಲ್ಯಾನ್ ಕೇಬಲ್ ಕಿತ್ತೆ. ಮತ್ತೆ ತೆರೆದೆ. ಮೂರು ಸೆಕೆಂಡಿನಲ್ಲಿ ಖಾಲಿ ಶೀಟ್ ಬಂತು. ಕಾಯುತ್ತಿದ್ದದ್ದು ನೆಟ್‌ವರ್ಕಿನಲ್ಲಿರುವ ಯಾವುದೋ ಒಂದಕ್ಕೆ ಅಂತ ಖಾತ್ರಿಯಾಯಿತು.

ಪ್ರಿಂಟರ್ ಪಟ್ಟಿ ತೆರೆದರೆ ಡೀಫಾಲ್ಟ್ ಪ್ರಿಂಟರಿನ, ಅಂದರೆ ಬೇರೆ ಹೇಳದಿದ್ದರೆ ಕಂಪ್ಯೂಟರ್ ತಾನೇ ಬಳಸುವ ಪ್ರಿಂಟರಿನ ಚಿತ್ರ ಮಸುಕಾಗಿತ್ತು. ಅದು ಪಕ್ಕದ ರೂಮಿನ ಕಂಪ್ಯೂಟರಿಗೆ ಸಿಕ್ಕಿಸಿ ಶೇರ್ ಮಾಡಿದ್ದ ಪ್ರಿಂಟರ್. ಆ ಕಂಪ್ಯೂಟರನ್ನು ಮಾಲೀಕರ ಮಗಳು ಓದಿಕೊಳ್ಳಲು ಹಿಂದಿನ ದಿನ ಮನೆಗೆ ತೆಗೆದುಕೊಂಡು ಹೋಗಿದ್ದಳು. ಪ್ರಿಂಟರ್ ಮಾತ್ರ ಮೇಜಿನ ಮೇಲೆ ಉಳಿದಿತ್ತು. ಪುಟದ ಅಳತೆ, ಅಂಚು ತಿಳಿದುಕೊಳ್ಳಲು ಎಕ್ಸೆಲ್ ಡೀಫಾಲ್ಟ್ ಪ್ರಿಂಟರನ್ನು ಕೇಳುತ್ತದೆ. ಉತ್ತರ ಕೊಡುವ ಕಂಪ್ಯೂಟರೇ ಅಲ್ಲಿಲ್ಲದಿದ್ದರೆ ಕಾಯುತ್ತಾ ಕೂರುತ್ತದೆ. ಆ ಪ್ರಿಂಟರಿನ ಯುಎಸ್‌ಬಿ ವೈರನ್ನು ಗುಮಾಸ್ತರ ಕಂಪ್ಯೂಟರಿಗೇ ಹಾಕಿ, ಡ್ರೈವರ್ ಹಾಕಿ, ಅದನ್ನೇ ಡೀಫಾಲ್ಟ್ ಮಾಡಿಕೊಟ್ಟೆ. ಕ್ಯಾಲೆಂಡರ್ ಹಾಳೆ ನೋಡಿಕೊಂಡು ಅವರು ಮೊದಲನೇ ಚೀಟಿ ಟೈಪ್ ಮಾಡಲು ಶುರು ಮಾಡಿದರು.

ನಿಮ್ಮದೂ ಇದೇ ಇರಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಹುಡುಕುವ ದಾರಿ ಇದೇ, ಮತ್ತು ಇದರಲ್ಲಿ ಬಹುಪಾಲಿಗೆ ಅಡ್ಮಿನ್ ಪಾಸ್‌ವರ್ಡ್ ಬೇಕಾಗಿಲ್ಲ.

ಮೊದಲು ಟಾಸ್ಕ್ ಮ್ಯಾನೇಜರ್ ನೋಡಿ. ಹಿಂದಿನ ಸಲ ನಿಂತುಹೋದ ಎಕ್ಸೆಲ್‌ಗಳು ಕಣ್ಣಿಗೆ ಕಾಣದೆ ಒಳಗೇ ಎರಡು ಮೂರು ಉಳಿದಿರಬಹುದು. ಎಲ್ಲವನ್ನೂ ಎಂಡ್ ಟಾಸ್ಕ್ ಮಾಡಿ. ಹೊಸದಾಗಿ ತೆರೆದು ಸಿಪಿಯು ನೋಡಿ. ಸೊನ್ನೆಯಲ್ಲೇ ಇದ್ದರೆ ಕಾಯುತ್ತಿದೆ. ಒಂದೇ ಸಮನೆ ಜಾಸ್ತಿ ಓಡುತ್ತಿದ್ದರೆ ಯಾವುದೋ ಆಡ್-ಇನ್ (ಎಕ್ಸೆಲ್‌ಗೆ ಸೇರಿಸಿದ ಸಣ್ಣ ಪ್ರೋಗ್ರಾಂ) ಅಥವಾ ಮ್ಯಾಕ್ರೋ (ಶೀಟಿನಲ್ಲಿ ಕೆಲಸ ತಾನಾಗೇ ಮಾಡಲು ಬರೆದಿಟ್ಟ ಆದೇಶ) ಸುತ್ತಿದಲ್ಲೇ ಸುತ್ತುತ್ತಿರಬಹುದು. ಡೀಟೇಲ್ಸ್ ಟ್ಯಾಬಿನಲ್ಲಿ ಎಕ್ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಅನಲೈಸ್ ವೇಟ್ ಚೈನ್' ಅಂತ ಒಂದು ಆಯ್ಕೆ ಇದೆ. ಬೇರೆ ಯಾವ ಪ್ರೋಗ್ರಾಂಗೆ ಕಾಯುತ್ತಿದೆ ಅಂತ ಕೆಲವೊಮ್ಮೆ ಅದೇ ಹೆಸರು ಹೇಳಿಬಿಡುತ್ತದೆ. ಇದನ್ನು ಬಳಸುವವರು ಬಹಳ ಕಡಿಮೆ. ನನಗಂತೂ ಇದು ಅಚ್ಚುಮೆಚ್ಚು.

ಆಮೇಲೆ ಲ್ಯಾನ್ ಕೇಬಲ್ ತೆಗೆದು, ವೈಫೈ ಇದ್ದರೆ ಆಫ್ ಮಾಡಿ ತೆರೆಯಿರಿ. ಬೇರೆ ಯಾವ ಫೈಲನ್ನೂ ನೆಟ್‌ವರ್ಕಿನಿಂದ ತೆರೆದಿಟ್ಟುಕೊಂಡಿರಬೇಡಿ. ಈಗ ಬೇಗ ಬಂದರೆ ಮೊದಲ ಅನುಮಾನ ಎರಡರ ಮೇಲೆ: ಪ್ರಿಂಟರ್, ಇಲ್ಲವೇ ನೆಟ್‌ವರ್ಕ್ ಡ್ರೈವ್. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್‌ಗೆ ಹೋಗಿ, ಡೀಫಾಲ್ಟ್ ಪ್ರಿಂಟರನ್ನು ವಿಂಡೋಸ್ ತಾನೇ ನೋಡಿಕೊಳ್ಳಲಿ ಅನ್ನುವ ಆಯ್ಕೆಯನ್ನು ಆಫ್ ಮಾಡಿ. 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಅನ್ನು ಡೀಫಾಲ್ಟ್ ಮಾಡಿ. ಕೇಬಲ್ ವಾಪಸ್ ಹಾಕಿ ನೋಡಿ. ಇನ್ನೂ ನಿಂತರೆ ದಿಸ್ ಪಿಸಿ ತೆರೆದು, ಕೆಂಪು ಕ್ರಾಸ್ ಬಿದ್ದಿರುವ ಡ್ರೈವ್ ಇದೆಯಾ ನೋಡಿ. ಅದು ಆಫೀಸಿನಲ್ಲಿ ಯಾರ ಬಳಕೆಗೂ ಬೇಡ ಅಂತ ಕೇಳಿ ತಿಳಿದುಕೊಂಡು ಮಾತ್ರ ಡಿಸ್ಕನೆಕ್ಟ್ ಮಾಡಿ.

ಕೇಬಲ್ ತೆಗೆದರೂ ನಿಲ್ಲುತ್ತಿದ್ದರೆ ಸೇಫ್ ಮೋಡ್ ಪ್ರಯತ್ನಿಸಿ, ಅಂದರೆ ಆಡ್-ಇನ್‌ಗಳಿಲ್ಲದೆ ಎಕ್ಸೆಲ್ ತೆರೆಯುವುದು. ಕಂಟ್ರೋಲ್ ಕೀ ಒತ್ತಿ ಹಿಡಿದುಕೊಂಡೇ ಎಕ್ಸೆಲ್ ಐಕಾನ್ ಕ್ಲಿಕ್ ಮಾಡಿ. ಸೇಫ್ ಮೋಡಿನಲ್ಲಿ ತೆರೆಯಬೇಕಾ ಅಂತ ಕೇಳುವ ತನಕ ಬೆರಳು ತೆಗೆಯಬೇಡಿ. ಅದರಲ್ಲಿ ಸರಿಯಾಗಿ ತೆರೆದರೆ ಎಕ್ಸೆಲ್ ಚೆನ್ನಾಗಿಯೇ ಇದೆ, ಜೊತೆಗೆ ಅಂಟಿಕೊಂಡಿರುವ ಯಾವುದೋ ಅಡ್ಡಬರುತ್ತಿದೆ. ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ, ಕೆಳಗೆ ಕಾಮ್ (COM) ಆಡ್-ಇನ್ಸ್ ಆರಿಸಿ ಗೋ ಒತ್ತಿ. ಎಲ್ಲ ಟಿಕ್ ತೆಗೆಯಿರಿ. ಆಮೇಲೆ ಒಂದೊಂದೇ ಹಾಕುತ್ತಾ, ಪ್ರತಿ ಸಲವೂ ಎಕ್ಸೆಲ್ ಮುಚ್ಚಿ ತೆರೆಯುತ್ತಾ ಬನ್ನಿ. ಬೇಜಾರಿನ ಕೆಲಸ, ಆದರೆ ಒಟ್ಟಿಗೆ ಎರಡು ಹಾಕಿದರೆ ಯಾವುದು ಅಂತ ಗೊತ್ತಾಗುವುದೇ ಇಲ್ಲ. ಕೆಲವಕ್ಕೆ ಟಿಕ್ ತೆಗೆಯಲು ಬಿಡುವುದಿಲ್ಲ. ಅವು ಇಡೀ ಕಂಪ್ಯೂಟರಿಗೆ ಹಾಕಿದಂಥವು, ಅಡ್ಮಿನ್ನೇ ಬರಬೇಕು.

ಎಕ್ಸ್‌ಎಲ್‌ಸ್ಟಾರ್ಟ್ (XLSTART) ಅನ್ನುವ ಫೋಲ್ಡರ್ ಕೂಡ ನೋಡಿ. ನಿಮ್ಮ ಯೂಸರ್ ಫೋಲ್ಡರಿನಲ್ಲಿ ಆಪ್‌ಡೇಟಾ, ರೋಮಿಂಗ್, ಮೈಕ್ರೋಸಾಫ್ಟ್, ಎಕ್ಸೆಲ್, ಅದರೊಳಗೆ ಇದು. ಇದರಲ್ಲಿರುವ ಪ್ರತಿ ಫೈಲನ್ನೂ ಎಕ್ಸೆಲ್ ಶುರುವಾಗುವಾಗಲೇ ತೆರೆಯುತ್ತದೆ. ಯಾರೋ ಗೊತ್ತಿಲ್ಲದೆ ದೊಡ್ಡ ಶೀಟ್ ಒಂದನ್ನು ಇಲ್ಲಿ ಸೇವ್ ಮಾಡಿದ್ದರೆ ನಿಮಗೆ ಹೀಗೇ ಆಗುತ್ತದೆ. ಅಳಿಸಬೇಡಿ, ಡೆಸ್ಕ್‌ಟಾಪಿಗೆ ಎತ್ತಿಡಿ. ಅದರಲ್ಲಿ ನಿಮ್ಮ ಮೊದಲಿನವರು ಬರೆದಿಟ್ಟ ಮ್ಯಾಕ್ರೋಗಳಿರಬಹುದು.

ಒಂದು ವಿಷಯಕ್ಕೆ ಮಾತ್ರ ತಡ ಮಾಡಬೇಡಿ. ಎಕ್ಸೆಲ್ ಒಂದೇ ಅಲ್ಲದೆ ಎಲ್ಲವೂ ನಿಧಾನ ಆಗಿದ್ದು, ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ಪರ್ಸೆಂಟ್‌ನಲ್ಲೇ ನಿಂತಿದ್ದು, ಹಳೇ ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತಿದ್ದರೆ, ಮೇಲಿನದನ್ನೆಲ್ಲ ಬಿಟ್ಟು ಮೊದಲು ಸಂಬಳದ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ. ಡಿಸ್ಕ್ ಹೋದರೆ ಹೊಸದು ಸಿಗುತ್ತದೆ, ಹತ್ತು ವರ್ಷದ ಲೆಕ್ಕ ಸಿಗುವುದಿಲ್ಲ. ಹಾಗೇ, ಕಂಪ್ಯೂಟರ್ ಫಾಸ್ಟ್ ಮಾಡುತ್ತೇವೆ ಅನ್ನುವ ಕ್ಲೀನರ್‌ಗಳನ್ನು ಆಫೀಸ್ ಕಂಪ್ಯೂಟರಿಗೆ ದಯವಿಟ್ಟು ಹಾಕಬೇಡಿ.

ಇಷ್ಟಾದರೂ ಸರಿಹೋಗದಿದ್ದರೆ ನಿಮ್ಮ ಅಡ್ಮಿನ್‌ಗೆ 'ಎಕ್ಸೆಲ್ ಓಪನ್ ಆಗ್ತಿಲ್ಲ' ಅಂತಷ್ಟೇ ಹೇಳಬೇಡಿ. ಸ್ಟಾರ್ಟ್‌ನಲ್ಲಿ ಈವೆಂಟ್ ವ್ಯೂವರ್ ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್, ಅಪ್ಲಿಕೇಶನ್ ಒಳಗೆ 'ಅಪ್ಲಿಕೇಶನ್ ಹ್ಯಾಂಗ್', ನಂಬರ್ 1002 ಅಂತ ಸಾಲು ಇದ್ದರೆ ಫೋಟೋ ತೆಗೆದು ಕಳುಹಿಸಿ. ಸೋಮವಾರಕ್ಕೆ ಮೊದಲು ಆಫೀಸಿನಲ್ಲಿ ಏನು ಬದಲಾಯಿತು ಅಂತಲೂ ಬರೆಯಿರಿ. ಹೊಸ ರೂಟರ್ ಬಂತಾ, ಪ್ರಿಂಟರ್ ಜಾಗ ಬದಲಾಯಿತಾ, ಯಾರಾದರೂ ಕಂಪ್ಯೂಟರ್ ಎತ್ತಿಕೊಂಡು ಹೋದರಾ? ಅಕ್ಕಪಕ್ಕದ ಮೇಜಿನವರನ್ನೂ ಕೇಳಿ. ಮಂಡಿಯಲ್ಲಿ ನಾನು ಅದನ್ನು ಮೊದಲೇ ಕೇಳಿದ್ದರೆ ಆ ರೈತರು ಇನ್ನೂ ಸ್ವಲ್ಪ ಬೇಗ ಊರಿಗೆ ಹೊರಡುತ್ತಿದ್ದರು.

ಇವತ್ತು ಲ್ಯಾನ್ ಕೇಬಲ್ ತೆಗೆದು ಒಂದು ಸಲ ತೆರೆದು ನೋಡಿ. ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆಯಿರಿ, ಮುಂದಿನದನ್ನು ಅಲ್ಲಿಂದ ನೋಡೋಣ.