ದಿನವೂ ಮನೆಗೆ ಮರಳುವ ಲಾರಿ ಚಾಲಕರಿಗೂ ಸೊಂಟ, ಮಂಡಿ ನೋವು ಯಾಕೆ?

ದೂರದ ಓಟ ಇಲ್ಲ ಎಂದಮಾತ್ರಕ್ಕೆ ಕೆಲಸ ಹಗುರವಲ್ಲ. ಹತ್ತಿರದ ಜಾಗಗಳಿಗೆ ಸರಕು ಮುಟ್ಟಿಸುವವರು ದಿನಕ್ಕೆ ಹತ್ತಾರು ಸಲ ಕ್ಯಾಬಿನ್ ಹತ್ತಿ ಇಳಿಯುತ್ತಾರೆ, ಎಷ್ಟೋ ಸಲ ಲೋಡನ್ನೂ ತಾವೇ ಇಳಿಸುತ್ತಾರೆ. ಮಂಡಿ ಕೆಡುವುದು ಅಲ್ಲೇ. ಅವಸರದಲ್ಲಿ ಮೆಟ್ಟಿಲಿನಿಂದ ನೆಲಕ್ಕೆ ಹಾರಿದರೆ ದೇಹದ ತೂಕದ ಹಲವು ಪಟ್ಟು ಹೊರೆ ಕೀಲಿನ ಮೇಲೆ ಬೀಳುತ್ತದೆ. ಕ್ಯಾಬಿನ್ ಕಡೆ ಮುಖ ಮಾಡಿಯೇ ಇಳಿಯಿರಿ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಆಧಾರದ ಮೇಲಿರಲಿ.

ಸೊಂಟದ್ದು ಬೇರೆ ಕಾರಣ. ಕೂತ ದೇಹದ ಬೆನ್ನುಮೂಳೆ ಸುಮಾರು 4ರಿಂದ 8 ಹರ್ಟ್ಸ್ (ಸೆಕೆಂಡಿಗೆ 4ರಿಂದ 8 ಸಲ) ಕಂಪನಕ್ಕೆ ಅತಿ ಹೆಚ್ಚು ಅದುರುತ್ತದೆ, ಲಾರಿ ಸೀಟಿನಿಂದ ಬರುವ ಕಂಪನದಲ್ಲಿ ಅದೂ ಇರುತ್ತದೆ. ಹಾಗೆ ಬಂದು ಇಳಿದ ಕೂಡಲೇ ಭಾರದ ಚೀಲ ಎತ್ತಿದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್‌ಗೆ ಪೆಟ್ಟು. ಮೊದಲು ಐದು ನಿಮಿಷ ನಡೆದಾಡಿ, ಹಗ್ಗ ಬಿಚ್ಚಿ, ಕಾಗದಪತ್ರ ಮುಗಿಸಿ, ಆಮೇಲೆ ಎತ್ತಿ. ಗಾಳಿಯ ಒತ್ತಡದ ಮೇಲೆ ನಿಲ್ಲುವ ಏರ್ ಸೀಟಿದ್ದರೆ ನಿಮ್ಮ ತೂಕಕ್ಕೆ ಹೊಂದಿಸಿ. ಗಾಳಿ ಕಡಿಮೆಯಾದರೆ ಪ್ರತಿ ಗುಂಡಿಗೂ ಸೀಟು ತಳಕ್ಕೆ ಬಡಿಯುತ್ತದೆ. ನೋವು ಕಾಲಿಗಿಳಿದು ಪಾದ ಜೋಮು ಹಿಡಿದರೆ ವೈದ್ಯರಿಗೆ ತೋರಿಸಲು ತಡಮಾಡಬೇಡಿ.

ಇನ್ನೊಂದು: ಶೌಚಾಲಯ ಸಿಗದೆಂದು ನೀರು ಕುಡಿಯುವುದನ್ನೇ ಬಿಡುವುದು ಮೂತ್ರಪಿಂಡದ ಕಲ್ಲಿಗೆ ದಾರಿ. ಇಲ್ಲಿ ತಪ್ಪು ಚಾಲಕರದ್ದಲ್ಲ. ಸರಕು ಇಳಿಸಿಕೊಳ್ಳುವ ಗೋದಾಮು ತನ್ನ ಶೌಚಾಲಯವನ್ನು ಅವರಿಗೂ ತೆರೆಯಬೇಕು.