ಸೀಲು ಹಾಕಿಸಿಕೊಂಡರೆ ಸಾಲದೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಹೋದ ಸಲವೂ ಇದೇ ಇತ್ತು. ಒಮ್ಮೆ ಬಿಡಿಸಿ ಹೇಳಿಬಿಡುತ್ತೇನೆ.

ಪ್ರಶ್ನೆ: ನಮ್ಮದು ಚಿಕ್ಕ ಊರು. ಲೈಸೆನ್ಸ್ ಇರುವ ಎಂಜಿನಿಯರ್ ಇಲ್ಲ. ನನಗೆ ಪದವಿ ಇದೆ, ಕಟ್ಟಡದ ಡಿಸೈನ್ ನಾನೇ ಮಾಡುತ್ತೇನೆ. ನಗರದ ಲೈಸೆನ್ಸ್ ಇರುವ ಒಬ್ಬರು ದುಡ್ಡು ತೆಗೆದುಕೊಂಡು ನನ್ನ ನಕ್ಷೆಗೆ ಸೀಲು, ಸಹಿ ಹಾಕಿಕೊಡುತ್ತಾರೆ. ಸಾಲದೇ?

ಸಾಲದು. ಸೀಲು ಅಂದರೆ ಅಲಂಕಾರ ಅಲ್ಲ. ‘ಇದನ್ನು ನಾನು ಮಾಡಿದ್ದೇನೆ, ಇಲ್ಲವೇ ನಾನು ನಿಂತು ಮಾಡಿಸಿದ್ದೇನೆ, ಎಡವಟ್ಟಾದರೆ ನನ್ನನ್ನು ಕೇಳಿ’ ಅಂತ ಅರ್ಥ. ನೋಡದೆ ಒತ್ತಿದ ಸೀಲು ಸುಳ್ಳು ಸಾಕ್ಷಿ. ಅಮೆರಿಕದಲ್ಲಿ ಇದಕ್ಕೇ ಲೈಸೆನ್ಸ್ ಹೋಗುತ್ತದೆ.

‘ಚಿಕ್ಕ ಕೆಲಸ, ಏನಾಗುತ್ತೆ ಬಿಡಿ’ ಅನ್ನುವವರು 1981ರ ಜುಲೈ 17ರಂದು ಅಮೆರಿಕದ ಕಾನ್ಸಸ್ ಸಿಟಿಯ ಹಯಾತ್ ಹೋಟೆಲಿನಲ್ಲಿ ಆದದ್ದನ್ನು ಓದಬೇಕು. ಒಂದರ ಮೇಲೊಂದು ತೂಗುಹಾಕಿದ್ದ ಎರಡು ನಡೆದಾರಿಗಳು ಕುಸಿದು 114 ಜನ ಸತ್ತರು. ಮೂಲ ನಕ್ಷೆಯಲ್ಲಿ ಚಾವಣಿಯಿಂದ ಇಳಿದ ಉದ್ದನೆಯ ಒಂದೇ ರಾಡ್ ಎರಡನ್ನೂ ಹೊರಬೇಕಿತ್ತು. ಜೋಡಿಸಲು ಸಲೀಸಾಗಲಿ ಅಂತ ಆ ರಾಡನ್ನು ಎರಡು ಮಾಡಿದರು. ಕೆಳಗಿನ ದಾರಿ ಚಾವಣಿಗೆ ನೇತಾಡುವ ಬದಲು ಮೇಲಿನ ದಾರಿಗೇ ನೇತುಬಿತ್ತು. ಮೇಲಿನ ಬೀಮಿನ ಜೋಡಣೆಗೆ ಭಾರ ಎರಡರಷ್ಟಾಯಿತು. ಒಂದು ಹಾಳೆಯಲ್ಲಿ ಮುಗಿಯುವ ಲೆಕ್ಕ ಅದು. ಯಾರೂ ಮಾಡಲಿಲ್ಲ. ಡ್ರಾಯಿಂಗ್ ಮೇಲೆ ಸೀಲು ಮಾತ್ರ ಇತ್ತು. ಆ ಊರಿರುವ ಮಿಸ್ಸೌರಿ ರಾಜ್ಯ ಇಬ್ಬರು ಎಂಜಿನಿಯರ್‌ಗಳ ಲೈಸೆನ್ಸ್ ರದ್ದು ಮಾಡಿತು.

ಇನ್ನು ‘ಚಿಕ್ಕ ಊರಿಗೆ ಇದೆಲ್ಲ ಯಾಕೆ’ ಅನ್ನುವ ಮಾತು. ಅಮೆರಿಕದ ಮೊದಲ ಎಂಜಿನಿಯರ್ ಲೈಸೆನ್ಸ್ ಕಾನೂನು ಹುಟ್ಟಿದ್ದು ನ್ಯೂಯಾರ್ಕಿನಲ್ಲಲ್ಲ, ಜನವೇ ಕಡಿಮೆ ಇರುವ ವಯೋಮಿಂಗ್ ರಾಜ್ಯದಲ್ಲಿ, 1907ರಲ್ಲಿ. ಅಲ್ಲಿ ನೀರು ಬಳಸುವ ಹಕ್ಕು ಕೇಳುವ ಅರ್ಜಿಗೆ ವಕೀಲರೂ ನೋಟರಿಗಳೂ ನಕ್ಷೆ ಬರೆದು ಎಂಜಿನಿಯರ್ ಅಂತ ಸಹಿ ಹಾಕುತ್ತಿದ್ದರು. ಕೇಳುವವರಿಲ್ಲದ ಕಡೆಯೇ ಇಂಥದ್ದು ಜಾಸ್ತಿ. ಸಣ್ಣ ಮನೆಗಳಿಗೆ ಹಲವು ಕಡೆ ವಿನಾಯಿತಿ ಇದೆ, ನಿಜ. ಅದು ಕಟ್ಟಡದ ಗಾತ್ರ, ಬಳಕೆ ನೋಡಿ ಕೊಟ್ಟದ್ದು, ಊರಿನ ಗಾತ್ರ ನೋಡಿ ಅಲ್ಲ.

ಹಾಗಾದರೆ ಏನು ಮಾಡಬೇಕು? ಆ ನಗರದವರನ್ನು ಕೊನೆಯಲ್ಲಿ ಸಹಿಗೆ ಹುಡುಕಬೇಡಿ, ಮೊದಲ ದಿನವೇ ಕೆಲಸಕ್ಕೆ ಸೇರಿಸಿ. ಮಣ್ಣಿನ ವರದಿ, ಲೆಕ್ಕ, ಕಂಬಿಯ ಡ್ರಾಯಿಂಗ್ ಎಲ್ಲ ಅವರ ಕೈ ದಾಟಲಿ. ಅವರ ತಿದ್ದುಪಡಿಗಳನ್ನು ಜೋಪಾನವಾಗಿಡಿ. ಅವರ ಕೈಕೆಳಗೆ ದುಡಿದದ್ದೇ ನಾಳೆ ನಿಮ್ಮ ಅನುಭವದ ದಾಖಲೆ. ಅಮೆರಿಕದಲ್ಲಿ ಪದವಿಯ ನಂತರ ಸಾಮಾನ್ಯವಾಗಿ ಇಂಥ 4 ವರ್ಷ ಕೇಳುತ್ತಾರೆ, ಜೊತೆಗೆ ಎರಡು ಪರೀಕ್ಷೆ. ಭಾರತದಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು ಇಲ್ಲ. ಕಟ್ಟಡದ ನಕ್ಷೆಗೆ ಸಹಿ ಹಾಕುವ ಅಧಿಕಾರ ಸ್ಥಳೀಯ ನಿಯಮಗಳ ಕೈಯಲ್ಲಿದೆ. ಒಂದೂರಿನ ಲೈಸೆನ್ಸ್ ಪಕ್ಕದೂರಿನಲ್ಲೂ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಬಾಯಿಮಾತು ನಂಬಬೇಡಿ, ಲಿಖಿತವಾಗಿ ಕೇಳಿ. ನಗರದ ಆ ಎಂಜಿನಿಯರ್ ಸೈಟಿಗೆ ಬರಲ್ಲ, ಲೆಕ್ಕ ನೋಡಲ್ಲ, ಸಹಿ ಮಾತ್ರ ಹಾಕ್ತೀನಿ ಅಂದರೆ ಬೇರೆಯವರನ್ನು ಹುಡುಕಿ. ಕೆಲಸ ತಡವಾದರೆ ಆಗಲಿ.

ಪ್ರಶ್ನೆ: ಲೈಸೆನ್ಸ್ ಇಲ್ಲದೆ ‘ಎಂಜಿನಿಯರ್’ ಅಂತ ಬೋರ್ಡ್ ಹಾಕಬಹುದೇ?

ದೇಶ ಯಾವುದು? ಬ್ರಿಟನ್ನಿನಲ್ಲಿ ಹಾಕಬಹುದು, ಆದರೆ ವೃತ್ತಿ ಸಂಸ್ಥೆಯ ಮಾನ್ಯತೆ ಇಲ್ಲದೆ ಮುಂದೆ ‘ಚಾರ್ಟರ್ಡ್’ ಅಂತ ಸೇರಿಸುವಂತಿಲ್ಲ. ಕೆನಡಾದಲ್ಲಿ ಸಿಕ್ಕಿಬೀಳುತ್ತೀರಿ.

ಪ್ರಶ್ನೆ: ಫ್ಯಾಕ್ಟರಿಯಲ್ಲಿ ಕೆಲಸ. ಅಲ್ಲಿ ಯಾರೂ ಲೈಸೆನ್ಸ್ ಕೇಳಿಲ್ಲ. ರಜೆಯಲ್ಲಿ ಹೊರಗಿನ ಡಿಸೈನ್ ಮಾಡಲೇ?

ಕಂಪನಿಯ ಒಳಗಿನ ಕೆಲಸಕ್ಕೆ ಇರುವ ವಿನಾಯಿತಿ ಗೇಟಿನ ಆಚೆಗೆ ಬರುವುದಿಲ್ಲ.

ಪ್ರಶ್ನೆ: ಪರೀಕ್ಷೆ ಇಲ್ಲದೆ, ಎಲ್ಲ ದೇಶದಲ್ಲೂ ನಡೆಯುವ ಲೈಸೆನ್ಸ್ ಕೊಡಿಸುತ್ತೇನೆ ಅಂತ ಏಜೆಂಟ್ ಹೇಳುತ್ತಿದ್ದಾನೆ.

ಅಂಥದ್ದೊಂದು ಇಲ್ಲವೇ ಇಲ್ಲ. ದುಡ್ಡು ಕೊಟ್ಟಿದ್ದರೆ ಪೊಲೀಸರ ಹತ್ತಿರ ಹೋಗಿ, ನನ್ನ ಹತ್ತಿರ ಅಲ್ಲ.